ಮೂರನೇ ತಂತಿ ಯಾರದ್ದು?

ನಿಮ್ಮ ಮನೆಯ ಪ್ಲಗ್ ಪಾಯಿಂಟಿನಲ್ಲಿ ಮೂರು ತೂತುಗಳಿವೆ. ಕೆಳಗಿನ ಎರಡರ ಲೆಕ್ಕ ಸಲೀಸು: ಫೇಸು, ನ್ಯೂಟ್ರಲ್. ಎರಡೂ ಕಂಬದಿಂದ ಬರುತ್ತವೆ, ಮೀಟರ್ ದಾಟಿ ಒಳಗೆ ಹೋಗುತ್ತವೆ, ತಿಂಗಳ ಕೊನೆಗೆ ಬಿಲ್ ಬರುತ್ತೆ. ಮೇಲಿನ ದಪ್ಪ ತೂತಿಗೆ ಮೀಟರೂ ಇಲ್ಲ, ಬಿಲ್ಲೂ ಇಲ್ಲ. ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ನಮಗೆ ಗೊತ್ತಾಗೋದು ಗೀಸರ್ ಕೆಟ್ಟ ದಿನ ಬೆಳಗ್ಗೆ, ಒದ್ದೆ ಕೈಯಲ್ಲಿ ನಲ್ಲಿ ಮುಟ್ಟಿದಾಗ.

ಕಟ್ಟಡಗಳ ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳೋದು ನನ್ನ ಹೊಟ್ಟೆಪಾಡು. ಆ ಮೂರನೇ ತಂತಿ ಯಾರದ್ದು ಅನ್ನೋ ಪ್ರಶ್ನೆಯನ್ನು ನಾನು ಬಹಳ ಜನರಿಗೆ ಕೇಳಿದ್ದೇನೆ. ಮನೆ ಮಾಲೀಕರು ಎಲೆಕ್ಟ್ರಿಷಿಯನ್ ಕಡೆ ಕೈ ತೋರಿಸ್ತಾರೆ. ಎಲೆಕ್ಟ್ರಿಷಿಯನ್ ಎಸ್ಕಾಂ ಕಡೆ ತೋರಿಸ್ತಾರೆ. ಎಸ್ಕಾಂನವರು ಮನೆ ಮುಂದಿನ ಗುಂಡಿ ಕಡೆ ತೋರಿಸ್ತಾರೆ. ಈ ಕೈ ತೋರಿಸುವ ಆಟಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸ ಇದೆ. ಅದು ಶುರುವಾಗಿದ್ದು ಬೆಂಗಳೂರಿನಲ್ಲಲ್ಲ, ಲಂಡನ್ನಿನಲ್ಲಿ. ನಮ್ಮ ವಿದ್ಯುತ್ ಕಾನೂನಿನ ಬೇರು ಅಲ್ಲೇ ಇರೋದರಿಂದ ಕಥೆಯನ್ನೂ ಅಲ್ಲಿಂದಲೇ ಹೇಳಬೇಕು.

ಮೊದಲು ಬೆಂಕಿಯ ಭಯ, ಆಮೇಲೆ ಶಾಕ್

1882 ಬ್ರಿಟನ್ನಿನ ವಿದ್ಯುತ್ತಿನ ಮಟ್ಟಿಗೆ ದೊಡ್ಡ ವರ್ಷ. ಕರೆಂಟನ್ನು ಮನೆಮನೆಗೆ ಮಾರುವುದಕ್ಕೆ ಸಂಬಂಧಿಸಿದ ಎಲೆಕ್ಟ್ರಿಕ್ ಲೈಟಿಂಗ್ ಆ್ಯಕ್ಟ್ ಬಂದದ್ದು ಆಗ. ಅದೇ ವರ್ಷ ತಂತಿ ಎಂಜಿನಿಯರುಗಳ ಸಂಘವೊಂದು ವೈರಿಂಗ್ ಹೇಗಿರಬೇಕು ಅಂತ ಕೆಲವೇ ಪುಟಗಳ ನಿಯಮ ಬರೆಯಿತು. ಬಿಎಸ್ 7671 ಅಂತ ಇವತ್ತು ಅಲ್ಲಿನ ಎಲೆಕ್ಟ್ರಿಷಿಯನ್ನರು ಕೈಯಲ್ಲಿ ಹಿಡಿದು ಓಡಾಡುವ ದಪ್ಪ ಪುಸ್ತಕದ ಮುತ್ತಜ್ಜಿ ಅದು. ಆ ಮೊದಲ ನಿಯಮಗಳ ಹೆಸರಿನಲ್ಲೇ ಇದ್ದದ್ದು ಬೆಂಕಿಯ ಅಪಾಯ ತಡೆಯುವ ಮಾತು. ಮನುಷ್ಯನಿಗೆ ಶಾಕ್ ಹೊಡೆಯೋದು ಆಗಿನ ಮುಖ್ಯ ತಲೆನೋವಾಗಿರಲಿಲ್ಲ. ಇದ್ದದ್ದು ದೀಪಗಳು ಮಾತ್ರ, ಅವೂ ಸೂರಿನಲ್ಲಿ, ಕೈಗೆ ಸಿಗದ ಎತ್ತರದಲ್ಲಿ.

ಆಮೇಲೆ ಇಸ್ತ್ರಿ ಪೆಟ್ಟಿಗೆ ಬಂತು, ಹೀಟರ್ ಬಂತು, ಒಲೆ ಬಂತು. ಎಲ್ಲಕ್ಕೂ ಲೋಹದ ಮೈ, ಎಲ್ಲವೂ ಕೈಗೆ ಸಿಗುವಂಥವು. ಒಳಗಿನ ಫೇಸ್ ತಂತಿ ಸವೆದು ಆ ಮೈಗೆ ತಾಗಿದರೆ? ಆ ಕರೆಂಟಿಗೆ ಮನುಷ್ಯನ ದೇಹಕ್ಕಿಂತ ಸುಲಭದ ಇನ್ನೊಂದು ದಾರಿ ಇರಬೇಕು. ಮೂರನೇ ತಂತಿ ಹುಟ್ಟಿದ್ದು ಹಾಗೆ.

ಆದರೆ ಆ ತಂತಿಯ ಇನ್ನೊಂದು ತುದಿಯನ್ನು ಎಲ್ಲಿಗೆ ಕಟ್ಟೋದು? ಅಲ್ಲಿನ ಎಲೆಕ್ಟ್ರಿಷಿಯನ್ನರಿಗೆ ಒಂದು ಸುಲಭದ ಉತ್ತರ ಸಿಕ್ಕಿತು: ನಲ್ಲಿ ಪೈಪು. ಊರಿನ ನೀರಿನ ಪೈಪುಗಳೆಲ್ಲ ಲೋಹದವು, ಮೈಲಿಗಟ್ಟಲೆ ನೆಲದೊಳಗೆ ಹರಡಿಕೊಂಡಿದ್ದವು. ಅದಕ್ಕಿಂತ ಒಳ್ಳೆ ಅರ್ಥ್ ಯಾರು ಹಾಕಿಸೋಕೆ ಸಾಧ್ಯ? ಹಾಗಾಗಿ ಎಷ್ಟೋ ಮನೆಗಳಲ್ಲಿ ವಿದ್ಯುತ್ ಕಂಪನಿ ಕೊಡದ ಅರ್ಥನ್ನು ಅದರ ಪರಿವೆಯೇ ಇಲ್ಲದ ನೀರಿನ ಸಂಸ್ಥೆ ಕೊಡುತ್ತಿತ್ತು.

ಈ ವ್ಯವಸ್ಥೆ ಮುರಿದದ್ದು ಪ್ಲಾಸ್ಟಿಕ್ಕಿನಿಂದ. ಯುದ್ಧದ ನಂತರದ ದಶಕಗಳಲ್ಲಿ ರಸ್ತೆಯ ಕೆಳಗಿನ ಪೈಪುಗಳು ಒಂದೊಂದಾಗಿ ಪ್ಲಾಸ್ಟಿಕ್ ಆದವು. ನಲ್ಲಿಯಲ್ಲಿ ನೀರು ಎಂದಿನಂತೆ ಬರುತ್ತಿತ್ತು. ಮನೆಯ ಅರ್ಥ್ ಮಾತ್ರ ಸದ್ದಿಲ್ಲದೆ ಮಾಯವಾಯಿತು. 1960ರ ದಶಕದಲ್ಲಿ ಅಲ್ಲಿನ ವೈರಿಂಗ್ ನಿಯಮಗಳು, ಸಾರ್ವಜನಿಕ ನೀರಿನ ಪೈಪನ್ನು ಒಂದೇ ಅರ್ಥಾಗಿ ನಂಬಬೇಡಿ ಅಂದವು. ಸರಿ, ಹಾಗಾದರೆ ಅರ್ಥ್ ಕೊಡೋರು ಯಾರು?

ಇಂಗ್ಲೆಂಡ್ ಕಂಡುಕೊಂಡ ದಾರಿ

ಉತ್ತರ ವಿದ್ಯುತ್ ಕೇಬಲ್ಲಿನಲ್ಲೇ ಇತ್ತು. ಹಳೇ ಕೇಬಲ್ಲುಗಳಿಗೆ ಸೀಸದ ಹೊದಿಕೆ ಇರುತ್ತಿತ್ತು. ಅದಕ್ಕೆ ಒಂದು ಕ್ಲಾಂಪ್ ಹಾಕಿ ಅರ್ಥ್ ತೆಗೆಯೋದು ಒಂದು ವಿಧಾನ. ಎರಡನೆಯದರಲ್ಲಿ ಬೀದಿಯ ಉದ್ದಕ್ಕೂ ನ್ಯೂಟ್ರಲ್ ಮತ್ತು ಅರ್ಥ್ ಎರಡರ ಕೆಲಸವನ್ನೂ ಒಂದೇ ತಂತಿ ಮಾಡುತ್ತೆ. ಅದನ್ನು ಹಲವು ಕಡೆ ನೆಲಕ್ಕೆ ಕಟ್ಟಿ, ಮನೆಯ ಬಾಗಿಲಲ್ಲಿ ಎರಡಾಗಿ ಕವಲೊಡೆಸುತ್ತಾರೆ. ಇದಕ್ಕೆ ಅಲ್ಲಿ ಪಿಎಂಇ ಅನ್ನುತ್ತಾರೆ.

ಪಿಎಂಇ ಸುಲಭಕ್ಕೆ ಬರಲಿಲ್ಲ. ನ್ಯೂಟ್ರಲನ್ನು ಹಲವು ಕಡೆ ನೆಲಕ್ಕೆ ಕಟ್ಟಿದರೆ ಟೆಲಿಗ್ರಾಫ್, ಟೆಲಿಫೋನ್‌ಗಳಿಗೆ ತೊಂದರೆ ಅಂತ ಅಲ್ಲಿನ ಅಂಚೆ ಇಲಾಖೆಗೆ ಭಯ. 1937ರ ಸರಬರಾಜು ನಿಯಮಗಳ ಕಾಲದಲ್ಲಿ ಇದಕ್ಕೆ ವಿಶೇಷ ಅನುಮತಿ ಬೇಕಿತ್ತು. ವ್ಯಾಪಕವಾಗಿ ಬಳಸಲು ದಾರಿ ಸಲೀಸಾದದ್ದು 1970ರ ದಶಕದಲ್ಲಿ. ಕೊನೆಗೆ 2002ರ ನಿಯಮಾವಳಿ ಒಂದು ಸ್ಪಷ್ಟ ಗೆರೆ ಎಳೆಯಿತು: ಹೊಸ ಸಂಪರ್ಕ ಕೊಡುವಾಗ ವಿತರಣಾ ಕಂಪನಿ ತನ್ನ ನ್ಯೂಟ್ರಲ್ ಅಥವಾ ರಕ್ಷಣಾ ತಂತಿಯನ್ನು ಗ್ರಾಹಕನ ಅರ್ಥಿಗೆ ಸಿಗುವ ಹಾಗೆ ಮಾಡಬೇಕು. ಸುರಕ್ಷತೆಯ ಕಾರಣಕ್ಕೆ ಅದು ಸಲ್ಲದು ಅಂತ ತೋರಿಸಿಕೊಡಲು ಆದರೆ ಮಾತ್ರ ವಿನಾಯಿತಿ. ಕಾರಣ ತೋರಿಸುವ ಹೊಣೆ ಕಂಪನಿಯದ್ದು. ಕಾರವಾನ್ ಮತ್ತು ದೋಣಿಯ ಲೋಹಕ್ಕಂತೂ ಆ ಜಂಟಿ ತಂತಿಯನ್ನು ಕೊಡಲೇಬಾರದು ಅಂತಲೂ ಬರೆದರು.

ಅದೇ ನಿಯಮಾವಳಿಯಲ್ಲಿ ಇನ್ನೊಂದು ಮಾತಿದೆ, ನನಗೆ ಇದೇ ಹೆಚ್ಚು ಮುಖ್ಯ ಅನ್ನಿಸೋದು. ಸರಿಯಾದ ಕಾರಣ ಇರುವ ಯಾರೇ ಕೇಳಿದರೂ, ಈ ಮನೆಗೆ ಯಾವ ಥರದ ಅರ್ಥಿಂಗ್ ಇದೆ, ಅದರ ದಾರಿಯ ತಡೆ ಗರಿಷ್ಠ ಎಷ್ಟು, ಫ್ಯೂಸ್ ಎಷ್ಟರದ್ದು ಅನ್ನೋದನ್ನು ಕಂಪನಿ ಬರಹದಲ್ಲಿ ಕೊಡಬೇಕು.

ಇಷ್ಟಾದರೂ ಜಗಳ ನಿಂತಿಲ್ಲ. ರೆಡಿಂಗ್‌ನಲ್ಲಿ ಇರುವ ನನ್ನ ಗೆಳೆಯ 1930ರ ದಶಕದ ಮನೆ ಕೊಂಡು, ಕಾರಿಗೆ ಚಾರ್ಜರ್ ಹಾಕಿಸೋಕೆ ಹೊರಟ. ಬಂದ ಎಲೆಕ್ಟ್ರಿಷಿಯನ್ ಮೊದಲು ಮಾಡಿದ್ದು ಮೀಟರ್ ಪಕ್ಕ ಬಗ್ಗಿ ಅಳತೆ ತೆಗೆದದ್ದು. ಸೀಸದ ಹೊದಿಕೆಯ ಅರ್ಥಿಗೆ ಅಲ್ಲಿನ ಕಂಪನಿಗಳು ಸಾಮಾನ್ಯವಾಗಿ ಹೇಳುವ ಮಿತಿ 0.8 ಓಮ್, ಪಿಎಂಇಗೆ 0.35 ಓಮ್. ಈ ಮನೆಯಲ್ಲಿ ಬಂದದ್ದು ಅದರ ಎಷ್ಟೋ ಪಟ್ಟು. ಕಂಪನಿಗೆ ಫೋನ್ ಮಾಡಿದರೆ, "ಆ ಮನೆಗೆ ಅರ್ಥ್ ಕೊಟ್ಟವರು ನಾವೇನಾ ಅಂತ ಮೊದಲು ನೋಡಬೇಕು" ಅಂದರಂತೆ. ಎಲೆಕ್ಟ್ರಿಷಿಯನ್ ಮುಖ ಸಿಂಡರಿಸಿದರೂ ಬಿಡಲಿಲ್ಲ. ಅಳತೆ ಬರೆದುಕೊಟ್ಟ, ಕೆಲಸ ನಿಲ್ಲಿಸಿದ. ಕೆಲವು ವಾರಗಳ ಮೇಲೆ ಅವರು ಬಂದು ಸರಿ ಮಾಡಿದರು. "ನಮ್ಮ ಊರಲ್ಲಾಗಿದ್ರೆ ಸಂಜೆಯೊಳಗೆ ಒಂದು ಗುಂಡಿ ತೋಡಿ ಮುಗಿಸ್ತಿದ್ರು ಮಾರಾಯಾ" ಅಂತ ಗೆಳೆಯ ನಕ್ಕ. ಅವನು ಹೇಳಿದ್ದು ನಿಜ. ನಗುವ ವಿಷಯ ಮಾತ್ರ ಅಲ್ಲ.

ನಮ್ಮ ಪುಸ್ತಕದಲ್ಲಿ ಇರೋದು

ಇನ್ನು ನಮ್ಮ ಕಡೆ ಬರೋಣ. 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿತು. ಬ್ರಿಟಿಷ್ ಇಂಡಿಯಾದಲ್ಲಿ 1903ರಲ್ಲಿ ಒಂದು ವಿದ್ಯುತ್ ಕಾಯಿದೆ ಬಂತು, ಅದರ ಜಾಗಕ್ಕೆ 1910ರಲ್ಲಿ ಇನ್ನೊಂದು. ಸ್ವಾತಂತ್ರ್ಯ ಬಂದ ಮೇಲೂ ನಾವು ಆ 1910ರ ಕಾಯಿದೆಯನ್ನು ಇಟ್ಟುಕೊಂಡೆವು. ಅದರ ಕೆಳಗೆ 1956ರಲ್ಲಿ ಭಾರತೀಯ ವಿದ್ಯುತ್ ನಿಯಮಗಳನ್ನು ಬರೆದೆವು. ಮರುವರ್ಷ, 1957ರಲ್ಲಿ, ನಮ್ಮ ರಾಜ್ಯದ ವಿದ್ಯುತ್ ಮಂಡಳಿ ಹುಟ್ಟಿತು. ದೊಡ್ಡವರು ಇವತ್ತಿಗೂ 'ಕೆಇಬಿ' ಅನ್ನೋದು ಅದನ್ನೇ.

ಆ 1956ರ ನಿಯಮಗಳಲ್ಲಿ 33ನೆಯದನ್ನು ಓದಿದಾಗ ನಾನು ಎರಡು ಸಲ ಓದಿದೆ. ಅದರ ಸಾರ ಇಷ್ಟು: ಸರಬರಾಜುದಾರ ಗ್ರಾಹಕನ ಜಾಗದಲ್ಲಿ, ಸರಬರಾಜು ಶುರುವಾಗುವ ಬಿಂದುವಿನ ಹತ್ತಿರ, ಕೈಗೆ ಸಿಗುವ ಹಾಗೆ, ಗ್ರಾಹಕನ ಬಳಕೆಗಾಗಿ ಒಂದು ಅರ್ಥ್ ಟರ್ಮಿನಲ್ ಕೊಡಬೇಕು ಮತ್ತು ಅದನ್ನು ಸುಸ್ಥಿತಿಯಲ್ಲಿ ಇಡಬೇಕು. ಅದಕ್ಕೆ ಪೆಟ್ಟಾಗದ ಹಾಗೆ ನೋಡಿಕೊಳ್ಳುವ ಜವಾಬ್ದಾರಿ ಗ್ರಾಹಕನದ್ದು. ಖರ್ಚನ್ನು ಗ್ರಾಹಕನಿಂದ ವಸೂಲಿ ಮಾಡಬಹುದು. ಹೆಚ್ಚಿನ ವೋಲ್ಟೇಜಿನ ಸಂಪರ್ಕ ಇದ್ದವರು ಇದರ ಜೊತೆಗೆ ತಮ್ಮದೇ ಅರ್ಥಿಂಗನ್ನೂ ಮಾಡಿಕೊಳ್ಳಬೇಕು. 'ಇದರ ಜೊತೆಗೆ' ಅನ್ನೋದನ್ನು ಗಮನಿಸಿ, 'ಇದರ ಬದಲಿಗೆ' ಅಲ್ಲ.

ಒಂದು ಕಿಂಡಿಯೂ ಇತ್ತು. ಸರ್ಕಾರ ಸೂಚಿಸುವ ದಿನಾಂಕಕ್ಕೆ ಮೊದಲೇ ಸಂಪರ್ಕ ಪಡೆದಿದ್ದವರಿಗೆ, ಅವರ ಸ್ವಂತ ಅರ್ಥಿಂಗ್ ಚೆನ್ನಾಗಿದೆ ಅಂತ ಸರಬರಾಜುದಾರನಿಗೆ ಸಮಾಧಾನ ಆಗಿದ್ದರೆ, ಟರ್ಮಿನಲ್ ಕೊಡದೆ ಇರಬಹುದು. ಹಳೇ ಮನೆಗಳಿಗೆ ಕೊಟ್ಟ ಈ ರಿಯಾಯಿತಿಯೇ ಕಾಲಕ್ರಮೇಣ ಎಲ್ಲ ಮನೆಗಳ ಪದ್ಧತಿ ಆಗಿಹೋದಂತೆ ನನಗೆ ಕಾಣುತ್ತದೆ.

ಅದೇ ನಿಯಮಗಳಲ್ಲಿ ಇನ್ನೊಂದು ಚೆಂದದ ವಿವರ ಇದೆ. ಸರಬರಾಜುದಾರ ತನ್ನ ಅರ್ಥಿಂಗನ್ನು ಎರಡು ವರ್ಷಕ್ಕೆ ಒಮ್ಮೆಯಾದರೂ ಬೇಸಿಗೆಯ ಒಣ ದಿನದಲ್ಲಿ ಅಳೆಯಬೇಕು. ಮಳೆಗಾಲದಲ್ಲಿ ಅಳೆದರೆ ಯಾವ ಗುಂಡಿಯೂ ಪಾಸ್ ಆಗುತ್ತೆ ಅಂತ ಬರೆದವರಿಗೆ ಗೊತ್ತಿತ್ತು. ಇವು ಸತ್ತ ನಿಯಮಗಳೂ ಅಲ್ಲ. 2003ರ ಕಾಯಿದೆ ಬಂದ ಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತಾ ನಿಯಮಾವಳಿ ಮಾಡಿದಾಗ ಅರ್ಥ್ ಟರ್ಮಿನಲ್ಲಿನ ಮಾತು 16ನೇ ವಿಧಿಯಾಗಿ ಉಳಿಯಿತು. 2023ರಲ್ಲಿ ಅದರ ಜಾಗಕ್ಕೆ ಹೊಸ ನಿಯಮಾವಳಿ ಬಂದಾಗಲೂ ಈ ಬಾಬತ್ತು ಮುಂದುವರಿಯಿತು.

ನೆಲದ ಮೇಲೆ ನಡೆಯೋದು

ನಮ್ಮ ಜೊತೆ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರಿದ್ದಾರೆ. ಎಲ್ಲರೂ ಅವರನ್ನು 'ಅಣ್ಣ' ಅಂತಲೇ ಕರೆಯೋದು. ಒಮ್ಮೆ ಒಂದು ಮನೆಯ ಹೊಸ ಸಂಪರ್ಕಕ್ಕೆ ಹೋದಾಗ ಆ ವಿಧಿಯ ಪ್ರತಿಯನ್ನು ಅವರ ಕೈಗೆ ಕೊಟ್ಟು, ಅರ್ಥ್ ಟರ್ಮಿನಲ್ ಕೇಳಿನೋಡಿ ಅಂದೆ. ಕಚೇರಿಯ ಸಿಬ್ಬಂದಿ ಕಾಗದ ತಿರುವಿ ಹಾಕಿ ನಕ್ಕರು.

"ಏನಣ್ಣಾ, ಇಷ್ಟು ವರ್ಷದಿಂದ ಕೆಲಸ ಮಾಡ್ತಿದ್ದೀರ. ಕಂಬದಿಂದ ಅರ್ಥ್ ಕೊಟ್ಟಿದ್ದು ಎಲ್ಲಾದ್ರೂ ನೋಡಿದ್ದೀರಾ?"

"ಇಲ್ಲ ಸಾರ್. ಅದಕ್ಕೇ ಕೇಳ್ತಿರೋದು."

"ಪಿಟ್ ಹಾಕ್ಸಿ, ರಿಪೋರ್ಟಿಗೆ ಕಂಟ್ರಾಕ್ಟರ್ ಸೈನ್ ಹಾಕ್ಸಿ, ಮೀಟರ್ ಬರುತ್ತೆ."

ಆ ಸಿಬ್ಬಂದಿಯನ್ನು ಬೈಯೋದು ಸುಲಭ. ಆದರೆ ಅವರ ಕಡೆಯಿಂದಲೂ ಒಂದು ವಾದ ಇದೆ. ನಮ್ಮ ಬೀದಿಗಳ ಲೈನ್ ಬಹಳಷ್ಟು ಕಡೆ ಕಂಬದ ಮೇಲಿನದು. ಮರದ ಕೊಂಬೆ ಬಿದ್ದು ನ್ಯೂಟ್ರಲ್ ಕಿತ್ತುಹೋಗೋದು ನಮಗೆ ಹೊಸದಲ್ಲ. ಬೀದಿಯ ನ್ಯೂಟ್ರಲನ್ನೇ ಮನೆಗಳಿಗೆ ಅರ್ಥಾಗಿ ಕೊಟ್ಟು, ಅದು ನಡುವೆ ಕಡಿದರೆ, ಕಡಿದ ಜಾಗದಿಂದಾಚೆ ಇರುವ ಮನೆಗಳ ಫ್ರಿಜ್ಜು, ವಾಷಿಂಗ್ ಮೆಷಿನ್ನಿನ ಮೈಗೆಲ್ಲ ಕರೆಂಟ್ ಏರಬಹುದು. ಇಂಗ್ಲೆಂಡಿನಲ್ಲೂ ಈಗಿನ ದೊಡ್ಡ ಚರ್ಚೆ ಇದೇ. ಹೊರಗೆ ನಿಂತ ಕಾರಿಗೆ ಪಿಎಂಇ ಅರ್ಥ್ ಕೊಟ್ಟು ಚಾರ್ಜ್ ಮಾಡೋದಕ್ಕೆ ಅಲ್ಲಿನ ವೈರಿಂಗ್ ನಿಯಮ ವಿಶೇಷ ಷರತ್ತು ಹಾಕಿರೋದು ಈ ಭಯಕ್ಕೇ. ಹಾಗಾಗಿ 'ಕೊಡಲ್ಲ' ಅನ್ನೋದು ಕೆಲವು ಕಡೆ ಸರಿಯಾದ ಉತ್ತರವೇ ಇರಬಹುದು. ಆದರೆ ಅದನ್ನು ಯಾರೂ ಬರೆದುಕೊಡೋದಿಲ್ಲ. ಹಾಗೆ ಬರೆದುಕೊಟ್ಟರೆ ಎಲೆಕ್ಟ್ರಿಷಿಯನ್ನಿಗೆ ಮುಂದೇನು ಮಾಡಬೇಕು ಅಂತ ತಿಳಿಯುತ್ತೆ.

ಯಾಕೆಂದರೆ ಗುಂಡಿಯೊಂದೇ ಸಾಲದು. ಇದ್ದಿಲು, ಉಪ್ಪು, ಜಿಐ ಪೈಪು, ಮೇಲೊಂದು ಸಿಮೆಂಟಿನ ಮುಚ್ಚಳ: ನಮ್ಮಲ್ಲಿ ಅರ್ಥಿಂಗ್ ಅಂದರೆ ಇಷ್ಟೇ ಅಂತ ನಂಬಿಕೆ. ಕರೆಂಟು ಭೂಮಿತಾಯಿಯ ಹೊಟ್ಟೆಗೆ ಹೋಗಿ ಕರಗಿಬಿಡುತ್ತೆ ಅಂತ ಇನ್ನೊಂದು ನಂಬಿಕೆ. ಅದು ಕರಗೋದಿಲ್ಲ. ಮಣ್ಣಿನ ಮೂಲಕ ಹಾದು ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ನ್ಯೂಟ್ರಲ್ಲಿಗೇ ವಾಪಸ್ ಹೋಗಬೇಕು.

ಒಂದು ಸಣ್ಣ ಲೆಕ್ಕ ಹಾಕೋಣ. ನಿಮ್ಮ ಗುಂಡಿ ಬಹಳ ಚೆನ್ನಾಗಿದೆ, 5 ಓಮ್. ಟಿಸಿಯ ಕಡೆ 2 ಓಮ್. ಒಟ್ಟು 7. ಗೀಸರಿನ ಮೈಗೆ ಫೇಸ್ ತಾಗಿತು. 230 ವೋಲ್ಟನ್ನು 7ರಿಂದ ಭಾಗಿಸಿದರೆ ಸುಮಾರು 33 ಆಂಪಿಯರ್. ನಿಮ್ಮ 32 ಆಂಪಿಯರಿನ ಎಂಸಿಬಿ ಅಷ್ಟಕ್ಕೆ ಬೀಳೋದೇ ಇಲ್ಲ. ಸಿ ಮಾದರಿಯ ಎಂಸಿಬಿ ಆದರೆ ತಕ್ಷಣ ಬೀಳೋಕೆ ಅದರ 5ರಿಂದ 10 ಪಟ್ಟು, ಅಂದರೆ 160ರಿಂದ 320 ಆಂಪಿಯರ್ ಹರಿಯಬೇಕು. ಅಲ್ಲಿಯವರೆಗೆ ಗೀಸರಿನ ಮೈಮೇಲೆ ನಿಂತಿರೋದು 33 ಗುಣಿಲೆ 5, ಸುಮಾರು 165 ವೋಲ್ಟ್. ಅರ್ಥಿಂಗ್ 'ಫಸ್ಟ್ ಕ್ಲಾಸ್' ಇದೆ, ಎಂಸಿಬಿ ಬ್ರಾಂಡೆಡ್ ಇದೆ, ಆದರೂ ಮುಟ್ಟಿದವರಿಗೆ ಜೀವ ಹೋಗುವಷ್ಟು ಕರೆಂಟ್.

ಮಣ್ಣಿನ ಬದಲು ಲೋಹದ ದಾರಿ ಇದ್ದು, ಒಟ್ಟು ತಡೆ 0.35 ಓಮ್ ಇದ್ದರೆ? 650 ಆಂಪಿಯರ್ ದಾಟುತ್ತೆ. ಎಂಸಿಬಿ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತೆ. 33ನೇ ನಿಯಮದ ಆ ಟರ್ಮಿನಲ್ಲಿನ ಬೆಲೆ ಏನು ಅಂತ ಈಗ ಗೊತ್ತಾಯಿತಲ್ಲ. ಲೋಹದ ದಾರಿ ಸಿಗದ ಮನೆಗೆ ಉಳಿಯುವ ಉಪಾಯ ಆರ್‌ಸಿಸಿಬಿ. ಹೋದ ಕರೆಂಟು ವಾಪಸ್ ಬಂತಾ ಅಂತ ಅದು ಲೆಕ್ಕ ಇಡುತ್ತೆ, 30 ಮಿಲಿ ಆಂಪಿಯರ್ ಕಮ್ಮಿಯಾದರೆ ಕಡಿದುಹಾಕುತ್ತೆ. 2010ರ ನಿಯಮಾವಳಿಯಲ್ಲಿ ಇಂಥ ಸಾಧನ ಬೇಕು ಅಂತ ಪ್ರತ್ಯೇಕ ವಿಧಿಯೇ ಇತ್ತು, ಸಣ್ಣ ಸಂಪರ್ಕಗಳಿಗೆ ವಿನಾಯಿತಿಯ ಜೊತೆ.

ಇನ್ನು ಕೆಲವರು ಮಾಡುವ ಒಂದು ಕೆಲಸವನ್ನು ಹೇಳಲೇಬೇಕು. ಅರ್ಥ್ ಇಲ್ಲದ ಹಳೇ ಮನೆಯಲ್ಲಿ ಪ್ಲಗ್ಗಿನ ಹಿಂದೆ ನ್ಯೂಟ್ರಲ್ಲಿಂದ ಅರ್ಥಿಗೆ ಒಂದು ಲೂಪ್ ಹಾಕಿಬಿಡ್ತಾರೆ. ಟೆಸ್ಟ್ ಲ್ಯಾಂಪ್ ಹತ್ತುತ್ತೆ, ಗ್ರಾಹಕ ಖುಷಿ. ಇದು ಪಿಎಂಇ ಅಲ್ಲ, ಅದರ ಅಪಾಯ ಮಾತ್ರ. ನ್ಯೂಟ್ರಲ್ ಎಲ್ಲಾದರೂ ಸಡಿಲವಾದ ಕ್ಷಣ ಇಡೀ ಫ್ರಿಜ್ಜಿನ ಮೈ ಫೇಸ್ ಆಗುತ್ತೆ.

ಸತ್ತರೆ ಯಾರು ಹೊಣೆ?

1997ರಲ್ಲಿ ಮಧ್ಯಪ್ರದೇಶದಲ್ಲಿ ಕಾರ್ಖಾನೆಯಿಂದ ಸೈಕಲ್ಲಿನಲ್ಲಿ ರಾತ್ರಿ ಮನೆಗೆ ಹೊರಟ ಕಾರ್ಮಿಕರೊಬ್ಬರು ಮಳೆನೀರು ನಿಂತ ರಸ್ತೆಯಲ್ಲಿ ಬಿದ್ದಿದ್ದ ಕರೆಂಟ್ ತಂತಿಗೆ ಸಿಕ್ಕಿ ಸತ್ತರು. ಯಾರೋ ಕದ್ದು ಎಳೆದುಕೊಂಡ ತಂತಿ ಅದು, ನಮ್ಮ ತಪ್ಪಿಲ್ಲ ಅಂತ ವಿದ್ಯುತ್ ಮಂಡಳಿ ವಾದಿಸಿತು. 2002ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ಇಂಥ ಅಪಾಯದ ವಸ್ತುವನ್ನು ನಡೆಸುವವರು, ನಿರ್ಲಕ್ಷ್ಯ ಇರಲಿ ಇಲ್ಲದಿರಲಿ, ಅದು ತಪ್ಪಿಸಿಕೊಂಡು ಮಾಡಿದ ಹಾನಿಗೆ ಹೊಣೆ ಅಂದಿತು. ಈ ತತ್ವದ ಬೇರೂ ಇಂಗ್ಲೆಂಡಿನಲ್ಲೇ ಇದೆ. ಲ್ಯಾಂಕಷೈರಿನ ಒಂದು ಜಲಾಶಯದ ನೀರು ಪಕ್ಕದವನ ಗಣಿಗೆ ನುಗ್ಗಿದ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಮೊಕದ್ದಮೆಯಲ್ಲಿ 1868ರಲ್ಲಿ ಬಂದ ತೀರ್ಪು ಅದು.

ಅಂದರೆ ಮೀಟರಿನ ಆಚೆಗೆ, ಬೀದಿಯಲ್ಲಿ, ಹೊಣೆ ಯಾರದು ಅನ್ನೋದು ಸಾಕಷ್ಟು ಸ್ಪಷ್ಟ. ಮೀಟರಿನ ಈಚೆಗೆ, ವೈರಿಂಗನ್ನು ಲೈಸೆನ್ಸ್ ಇರುವ ಗುತ್ತಿಗೆದಾರರೇ ಮಾಡಬೇಕು ಅಂತ ನಿಯಮ ಇದೆ. ಏನಾದರೂ ಆದರೆ ಮೊದಲು ಹುಡುಕೋದು ಅವರ ಸೈನನ್ನು. ಅರ್ಥ್ ಟರ್ಮಿನಲ್ ಇರೋದು, ಅಥವಾ ಇರಬೇಕಾದದ್ದು, ಸರಿಯಾಗಿ ಈ ಗಡಿಯ ಮೇಲೆ. ಆಚೆಯವರು ಕೊಡಲಿಲ್ಲ, ಈಚೆಯವರು ಕೇಳಲಿಲ್ಲ. ನಡುವೆ ಗುಂಡಿ ತೋಡಿ, ಉಪ್ಪು ಸುರಿದು, ರಿಪೋರ್ಟಿಗೆ ಸೈನ್ ಮಾಡಿದವನ ಹೆಸರು ಮಾತ್ರ ಕಾಗದದ ಮೇಲೆ ಉಳಿಯುತ್ತದೆ. ಉಪ್ಪು ಕೆಲವು ಮಳೆಗಾಲಗಳಲ್ಲಿ ತೊಳೆದುಹೋಗುತ್ತೆ. ಸೈನ್ ಹೋಗಲ್ಲ.

ಇವತ್ತು ನಾವು ಗೇಟಿನ ಪಕ್ಕದ 16 ಆಂಪಿಯರ್ ಪಾಯಿಂಟಿಗೆ ಸ್ಕೂಟರ್ ಸಿಕ್ಕಿಸಿ ಮಲಗ್ತೀವಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಕಾರಿನ ಚಾರ್ಜರ್ ಯಾರು ಹಾಕಿಸಬೇಕು ಅಂತ ಅಸೋಸಿಯೇಷನ್ ಮೀಟಿಂಗಿನಲ್ಲಿ ಗಂಟೆಗಟ್ಟಲೆ ಜಗಳ ಆಡ್ತೀವಿ. ಅರ್ಥ್ ಯಾರದ್ದು ಅಂತ ಯಾರೂ ಕೇಳಲ್ಲ. ಮುಂದಿನ ಸಲ ಎಲೆಕ್ಟ್ರಿಷಿಯನ್ ಬಂದಾಗ ರೇಟ್ ಚೌಕಾಸಿ ಮಾಡೋ ಮುಂಚೆ ಮೂರು ಪ್ರಶ್ನೆ ಕೇಳಿ. ಈ ಮನೆಯ ಅರ್ಥ್ ಎಲ್ಲಿಂದ ಬರ್ತಿದೆ? ಕೊನೇ ಸಲ ಅಳೆದಾಗ ಎಷ್ಟು ಬಂತು, ಅಳೆದದ್ದು ಬೇಸಿಗೆಯಲ್ಲಾ ಮಳೆಗಾಲದಲ್ಲಾ? ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತಾ? ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಹೊಸ ಸಂಪರ್ಕ ಆಗಿದ್ದರೆ ಅರ್ಥ್ ಟರ್ಮಿನಲ್ ಕೊಡಿ ಅಂತ ಅರ್ಜಿಯಲ್ಲೇ ಒಂದು ಸಾಲು ಸೇರಿಸಿ, ಸ್ವೀಕೃತಿಯ ಸೀಲ್ ಹಾಕಿಸಿಕೊಳ್ಳಿ.

ಟರ್ಮಿನಲ್ ಬರುತ್ತೆ ಅಂತ ನಾನು ಭರವಸೆ ಕೊಡಲ್ಲ. ಬರದಿದ್ದರೂ, ಕೇಳಿದ್ದಕ್ಕೆ ಒಂದು ಕಾಗದ ಇರುತ್ತೆ, ಮತ್ತು ಆ ಕಾಗದದಲ್ಲಿ ಅಣ್ಣನ ಹೆಸರು ಒಂದೇ ಇರೋದಿಲ್ಲ.